ಪ್ರಶ್ನೆ ಕೇಳದ ಅಧ್ಯಾಯ

ತೂಕದ ಸಾಹೇಬರು ದೇವರನ್ನು ನಂಬುತ್ತಿರಲಿಲ್ಲ. ಹಾಗೆ ನೋಡಿದರೆ ಅಂಗಡಿಯವರನ್ನೂ ನಂಬುತ್ತಿರಲಿಲ್ಲ. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿ, ಬೀದಿ ಬೀದಿ ಸುತ್ತಿ, ತೂಕದ ಬಟ್ಟುಗಳನ್ನು ಬೋರಲು ಹಾಕಿ, ತಳದ ಸೀಸ ಕೆರೆದಿದ್ದಾರೆಯೇ ಎಂದು ನೋಡಿ ನಿವೃತ್ತರಾದವರು. ಅಂಥವರಿಗೆ ಯಾವುದನ್ನಾದರೂ ಸುಮ್ಮನೆ ನಂಬಿ ಎಂದರೆ ಹೇಗೆ?

ಹುಟ್ಟಿದ್ದೇನೋ ಕ್ರೈಸ್ತರ ಮನೆಯಲ್ಲೇ. ತಿಂಗಳ ಕೂಸಾಗಿದ್ದಾಗ ಪಾದ್ರಿಗಳು ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಮಾಡಿಸಿದ್ದರು. ಅದಕ್ಕೆ ತಮ್ಮ ಸಹಿ ಇಲ್ಲ ಎಂಬುದು ಸಾಹೇಬರ ವಾದ. ಭಾನುವಾರ ಹೆಂಡತಿಯನ್ನು ಚರ್ಚಿನ ಬಾಗಿಲವರೆಗೆ ಬಿಟ್ಟು, ಎದುರಿನ ಕಟ್ಟೆಯ ಮೇಲೆ ಪೇಪರು ಓದುತ್ತಾ ಕೂತು, ಪ್ರಾರ್ಥನೆ ಮುಗಿದ ಮೇಲೆ ಕರೆದುಕೊಂಡು ಬರುತ್ತಿದ್ದರು. ನಲವತ್ತು ವರ್ಷ ಈ ಏರ್ಪಾಡು ಚೆನ್ನಾಗಿಯೇ ನಡೆಯಿತು.

ಆಮೇಲೆ ಹೆಂಡತಿಯ ಕಣ್ಣು ಹೋಯಿತು. ಸಕ್ಕರೆ ಕಾಯಿಲೆ ಮೊದಲು ಎಡಗಣ್ಣನ್ನು, ವರ್ಷದೊಳಗೆ ಬಲಗಣ್ಣನ್ನೂ ತಿಂದಿತು. ಬೈಬಲ್ಲಿನ ದಿನಕ್ಕೊಂದು ಅಧ್ಯಾಯ ಓದದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ. ಓದಿ ಹೇಳುವ ಕೆಲಸ ಸಾಹೇಬರ ತಲೆಗೆ ಬಂತು.

ಸಂಜೆ ನಾಲ್ಕಕ್ಕೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಕಪ್ಪು ರಟ್ಟಿನ ವೇದಪುಸ್ತಕ ತೆರೆದು, ನೋಟೀಸು ಓದುವ ಧ್ವನಿಯಲ್ಲಿ ಓದುತ್ತಿದ್ದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು.

"ತಡಿ. ಸೃಷ್ಟೀಲಿ ಸೂರ್ಯ ಹುಟ್ಟಿದ್ದು ನಾಲ್ಕನೇ ದಿನ. ಮೊದಲಿನ ಮೂರು ದಿನ ಅಂತ ಯಾವುದನ್ನ ನೋಡಿ ಹೇಳಿದ್ರು?"

"ಮುಂದೆ ಓದಿ."

"ಯೇಸು ಒಬ್ಬನಿಂದ ಬಿಡಿಸಿದ ದೆವ್ವಗಳು ಹೊಕ್ಕು ಎರಡು ಸಾವಿರ ಹಂದಿ ನೀರಿಗೆ ಬಿದ್ದು ಸತ್ತವಂತೆ. ದೆವ್ವ ಬಿಟ್ಟವನಿಗೆ ಒಳ್ಳೇದಾಯ್ತು, ಸರಿ. ಹಂದಿ ಸಾಕಿದವನ ಗತಿ?"

"ಪಾಪ, ಅವನ ಕಡೆ ಕೇಳೋಕೆ ಅಲ್ಲಿ ನೀವಿರ್ಲಿಲ್ಲ."

"ಕಾಲ ಅಲ್ಲದ ಕಾಲದಲ್ಲಿ ಹಣ್ಣು ಹುಡುಕಿ, ಸಿಗಲಿಲ್ಲ ಅಂತ ಅಂಜೂರದ ಮರಕ್ಕೆ ಯೇಸು ಶಾಪ ಹಾಕಿದ್ದಾರಲ್ಲ. ಮರದ್ದೇನು ತಪ್ಪು?"

"ಹಸಿವಾದಾಗ ನೀವು ನನ್ನ ಮೇಲೆ ಹಾರಾಡಿಲ್ವಾ?"

ಸಾಹೇಬರು ಮೆಚ್ಚಿದ್ದು ಒಂದೇ ಒಂದು ಕಡೆ. ಬಲೆಗೆ ನೂರೈವತ್ತಮೂರು ಮೀನು ಬಿದ್ದವು ಎಂದು ಬರೆದಿತ್ತು. "ನೋಡು, ಸತ್ತ ಗುರು ಎದ್ದು ಬಂದು ದಡದಲ್ಲಿ ನಿಂತಿದ್ದಾನೆ. ಶಿಷ್ಯರಲ್ಲೊಬ್ಬ ಕೂತು ಮೀನು ಎಣಿಸ್ತಿದ್ದಾನೆ. ಅವನು ನಮ್ಮ ಇಲಾಖೆಯವನೇ, ಅನುಮಾನ ಇಲ್ಲ."

ಹೀಗೆ ಒಂದು ಅಧ್ಯಾಯಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ವಿಷಯ ಕಿವಿಗೆ ಬಿದ್ದು ಪಾದ್ರಿಗಳಿಗೆ ಮರುಕವಾಯಿತು. ಚರ್ಚಿನಲ್ಲಿ ಹಾಡುವ ಅಕ್ಕನೊಬ್ಬರನ್ನು ಓದಲು ಕಳಿಸಿದರು. ಒಳ್ಳೆಯ ಕಂಠ, ಒಂದು ಕಡೆಯೂ ತಡವರಿಸುತ್ತಿರಲಿಲ್ಲ. ಮೂರನೇ ದಿನ ಹೆಂಡತಿ ಗಂಡನನ್ನು ಹತ್ತಿರ ಕರೆದರು.

"ರೀ, ನಾಳೆಯಿಂದ ಅವರು ಬೇಡ ಅನ್ನಿ. ಎಲ್ಲದಕ್ಕೂ ಆಮೆನ್ ಅಂತಾರೆ. ನಂಗೆ ನಿದ್ದೆ ಬರುತ್ತೆ."

ಸಾಹೇಬರಿಗೆ ಬಡ್ತಿ ಸಿಕ್ಕ ದಿನವೂ ಅಷ್ಟು ಖುಷಿಯಾಗಿರಲಿಲ್ಲ. ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ. ತೋರಿಸಿದ್ದರೂ ನೋಡುವವರು ಯಾರು?

ಮೂರನೇ ವರ್ಷಕ್ಕೆ ಆಕೆಯ ಕಿಡ್ನಿಗಳೂ ಕೈಕೊಟ್ಟವು. ಬೇರೆ ಊರಿನಲ್ಲಿ ಟೀಚರಾಗಿದ್ದ ಮಗಳು ರಜೆ ಹಾಕಿ ಬಂದಳು. ಡಾಕ್ಟರು ಅಪ್ಪ-ಮಗಳನ್ನು ಒಳಗೆ ಕೂರಿಸಿಕೊಂಡು, ಇನ್ನು ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ ಎಂದರು. ಹೊರಗೆ ಕಾರಿಡಾರಿನಲ್ಲಿ ಮಗಳು ಅಪ್ಪನ ಕೈ ಹಿಡಿದುಕೊಂಡಳು.

"ಅಪ್ಪ, ಅಮ್ಮನಿಗೆ ಹೇಳೋದು ಬೇಡ. ಕೊನೇ ದಿನಗಳನ್ನಾದ್ರೂ ಹೆದರಿಕೆ ಇಲ್ಲದೆ ಕಳೀಲಿ. ಔಷಧಿ ಬದಲಾಯಿಸಿದ್ದಾರೆ, ಸರಿಹೋಗುತ್ತೆ ಅನ್ನೋಣ. ನಿನ್ನ ಮುಖ ಅಂತೂ ಅವಳಿಗೆ ಕಾಣಲ್ಲ. ಧ್ವನಿ ಒಂದು ನೋಡ್ಕೋ."

ಜೀವಮಾನವೆಲ್ಲ ಕಳ್ಳತೂಕ ಹಿಡಿದವರಿಗೆ ಈಗ ತಾವೇ ಕಳ್ಳತೂಕ ಹಾಕಬೇಕಾಯಿತು. ಮನೆಗೆ ಬಂದು, ಔಷಧಿ ಬದಲಾಯಿಸಿದ್ದಾರೆ ಎಂದು ಹೇಳಿದರು. ಧ್ವನಿ ಸರಿಯಾಗಿಯೇ ಇತ್ತು. ಹೆಂಡತಿ, "ಸದ್ಯ" ಎಂದರು. ಮಗಳು ನಿಟ್ಟುಸಿರುಬಿಟ್ಟಳು.

ನಾಲ್ಕು ಗಂಟೆಯಾಯಿತು. ಅಂದಿನ ಸರದಿಗೆ ಬಂದದ್ದು ಸತ್ತು ನಾಲ್ಕು ದಿನವಾದವನನ್ನು ಯೇಸು ಸಮಾಧಿಯಿಂದ ಎಬ್ಬಿಸಿದ ಅಧ್ಯಾಯ. ಸಾಹೇಬರು ಎಲ್ಲೂ ನಿಲ್ಲಿಸದೆ ಓದಿದರು. ಗುಹೆಯ ಬಾಯಿಯ ಕಲ್ಲು ಸರಿಯಿತು, ಬಟ್ಟೆ ಸುತ್ತಿದ ಹೆಣ ನಡೆದು ಬಂತು. ಇವರು ಬಾಯಿ ಬಿಡಲಿಲ್ಲ. ಹತ್ತೇ ನಿಮಿಷದಲ್ಲಿ ಅಧ್ಯಾಯ ಮುಗಿಸಿ ಪುಸ್ತಕ ಮುಚ್ಚಿದರು.

ಹೆಂಡತಿ ಪ್ರಶ್ನೆಗೆ ಕಾದರು.

"ನಾಲ್ಕು ದಿನದ ಹೆಣ ಎದ್ದು ಬಂತು."

"ಹೂಂ."

"ನಿಮಗೆ ಕೇಳೋದೇನೂ ಇಲ್ವಾ?"

"ಇಲ್ಲ."

"ಡಾಕ್ಟ್ರು ಎಷ್ಟು ದಿನ ಅಂದ್ರು?"

ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು. ಸಾಹೇಬರು ಇದ್ದದ್ದನ್ನು ಇದ್ದಹಾಗೆ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು, ಅತ್ತರು. ಅವರಿಗೆ ಸಮಾಧಾನವಾಗುವವರೆಗೆ ಹೆಂಡತಿ ಅವರ ಮೊಣಕಾಲ ಮೇಲೆ ಕೈಯಿಟ್ಟುಕೊಂಡಿದ್ದರು.

"ನೀವು ಕೇಳಿದ್ದಕ್ಕೆಲ್ಲ ನಂಗೆಲ್ಲಿ ಉತ್ತರ ಗೊತ್ತಿತ್ತು? ಬಾಯಿಗೆ ಬಂದಿದ್ದು ಹೇಳ್ತಿದ್ದೆ" ಎಂದರು ಆಕೆ. "ಒಂದು ಕೆಲಸ ಮಾಡಿ. ಅಷ್ಟನ್ನೂ ಒಂದು ಹಾಳೇಲಿ ಬರೆದುಕೊಡಿ. ಹೂಳೋವಾಗ ಪೆಟ್ಟಿಗೇಲಿ ನನ್ನ ಕೈಗೆ ಇಡಿ. ಅಲ್ಲಿಗೆ ಹೋದ ಮೇಲೆ ಕೇಳ್ತೀನಿ."

"ಕಣ್ಣೇ ಕಾಣಲ್ವಲ್ಲೇ ನಿಂಗೆ. ಹೇಗೆ ಓದ್ತೀಯ?"

"ಅಲ್ಲಿ ಕಾಣುತ್ತೆ."

ಇದಕ್ಕೆ ಕೇಳಬೇಕಾದ ಪ್ರಶ್ನೆ ಸಾಹೇಬರ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡರು. ಮಗಳನ್ನು ಕರೆದು ಒಂದು ಬಿಳಿಹಾಳೆ ತರಿಸಿಕೊಂಡು ಬರೆಯಲು ಕೂತರು. ಇದರಲ್ಲಿ ತಮಗೆ ಯಾವ ನಂಬಿಕೆಯೂ ಇಲ್ಲ ಎಂದು ಮೊದಲ ಸಾಲಿನಲ್ಲೇ ಸ್ಪಷ್ಟಪಡಿಸಿದರು. ಅದರ ಕೆಳಗೆ ಒಂದೊಂದಾಗಿ ಪ್ರಶ್ನೆಗಳು. ಅಕ್ಷರ ಮಾತ್ರ, ಯಾವುದಕ್ಕೂ ಇರಲಿ ಎಂದು, ದೊಡ್ಡದಾಗಿ ಬಿಡಿಸಿ ಬಿಡಿಸಿ ಬರೆದರು.