ಚಿಕ್ಕಮ್ಮ ಹುಳ ಆರಿಸಿದ ದಿನ

ನಮ್ಮ ಬಾಗಲೂರಿನ ಮನೆಯಲ್ಲಿ ರೇಷ್ಮೆ ಹುಳುಗಳಿಗಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಬೆಳೆ ಇರುವಾಗ ಒಗ್ಗರಣೆಯ ಘಾಟು ಕೂಡ ಹುಳದ ಮನೆ ಕಡೆ ಸುಳಿಯುವಂತಿಲ್ಲ. ಅವು ಸೊಪ್ಪು ಮೇಯುವ ಸದ್ದು ಈಗಲೂ ನನಗೆ ಬೇಕೆನ್ನಿಸುತ್ತದೆ.

ಎಪ್ಪತ್ತೆಂಟರಲ್ಲಿ ಚಿಕ್ಕಪ್ಪ ಸೊಣ್ಣಪ್ಪನ ಹೆಂಡತಿ ಗಂಗರತ್ನಮ್ಮನ ಮಗು ಹುಟ್ಟುತ್ತಲೇ ತೀರಿಕೊಂಡಿತು. ಗೋಡೆಗೆ ಮುಖ ಮಾಡಿ ಮಲಗಿದ ಚಿಕ್ಕಮ್ಮ ಏಳಲೇ ಇಲ್ಲ. ಊಟವೆಂದರೆ ಎರಡು ತುತ್ತು, ಮಾತಂತೂ ಇಲ್ಲ. ತಾಯಿತ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ನಿವಾಳಿಸಿದರು. ಯಲಹಂಕದ ಡಾಕ್ಟರು ಟಾನಿಕ್ ಬರೆದು, “ರೆಸ್ಟ್ ತಗೊಳ್ಲಿ” ಅಂದರು. ರೆಸ್ಟಿಗೇನು ಬರವೇ! ನಾಲ್ಕು ತಿಂಗಳಲ್ಲಿ ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ಇವಳೂ ಉಳಿಯುವುದಿಲ್ಲ ಎಂದು ದೊಡ್ಡವರು ಪಿಸುಗುಟ್ಟುವುದು ಲಂಗ ತೊಟ್ಟು ಓಡಾಡುತ್ತಿದ್ದ ನನಗೂ ಕೇಳುತ್ತಿತ್ತು.

ಮದುವೆಯಾಗಿ ಬಂದಾಗಿನಿಂದ ಹುಳದ ಮನೆ ಅವಳದೇ ಆಗಿತ್ತು. ಈಗ ಅಲ್ಲಿಗೇ ಅವಳನ್ನು ಬಿಡದವಳು ನನ್ನ ಅಜ್ಜಿ ಸುಬ್ಬಮ್ಮ. ಸೂತಕ ಕಳೆದು ತಿಂಗಳುಗಳಾಗಿದ್ದರೂ, “ಅಳೋರ ನೆಳ್ಳು ಉಳದ ಮ್ಯಾಲೆ ಬೀಳ್ಬಾರ್ದು, ಬೆಳೆ ಕೆಡ್ತದೆ” ಎಂದು ಹಟ ಹಿಡಿದಿದ್ದಳು. ಕೆಟ್ಟವಳೇನಲ್ಲ, ಹಾಗೆಂದು ನಂಬಿದ್ದಳು.

ಆ ಸಲ ಹುಳುಗಳೆಲ್ಲ ಒಟ್ಟಿಗೇ ಹಣ್ಣಾದವು. ಮೈ ಹಳದಿಗೆ ತಿರುಗಿದ ಹುಳುಗಳನ್ನು ಅಂದೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಕೈ ಸಾಲದೆ ಪಕ್ಕದ ಮನೆಯ ಮೆಹಬೂಬ್ ಬೀಯನ್ನು ಕರೆದರು. ಆಕೆ ಒಂದು ತಟ್ಟೆ ಹುಳ ಹೊತ್ತು ನೇರ ಚಿಕ್ಕಮ್ಮನ ಕೋಣೆಗೆ ನುಗ್ಗಿದಳು.

“ಗಂಗಾ, ನನ್ ಕಣ್ಣಿಗೆ ಪೊರೆ ಬಂದೈತೆ. ಯಾವ್ದು ಹಣ್ಣಾಗೈತೆ, ಯಾವ್ದಿಲ್ಲ, ನೀನೇ ನೋಡಮ್ಮ.”

ಚಿಕ್ಕಮ್ಮ ಅಲುಗಲಿಲ್ಲ. ಮೆಹಬೂಬ್ ಬೀ ಬೇಕೆಂದೇ ತಪ್ಪುತಪ್ಪಾಗಿ ಆರಿಸತೊಡಗಿದಳು. ಸುಮಾರು ಹೊತ್ತಾದ ಮೇಲೆ ಚಾಪೆಯಿಂದ ಒಂದು ಕೈ ಮುಂದೆ ಬಂತು.

“ಅದಿನ್ನೂ ಸೊಪ್ಪು ತಿನ್ಬೇಕು ಕಣಕ್ಕಾ. ಬಿಡು ಅದನ್ನ.”

ನಾಲ್ಕು ತಿಂಗಳಲ್ಲಿ ಅದೇ ಮೊದಲ ಮಾತು. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಇನ್ನೇನು ಬೈಗುಳ ಶುರು ಎಂದುಕೊಂಡೆ. ಅಜ್ಜಿ ಹೋಗಿ ಇನ್ನೊಂದು ತಟ್ಟೆ ತಂದು ಸೊಸೆಯ ಮುಂದಿಟ್ಟಳು.

ಚಿಕ್ಕಮ್ಮ ಒಂದೇ ದಿನಕ್ಕೆ ಸರಿಹೋದಳೆಂದು ಸುಳ್ಳು ಹೇಳಲಾರೆ. ಮಂಕು ಕವಿಯುವ ದಿನಗಳು ಆಮೇಲೂ ಬಂದವು. ಅಂಥ ಬೆಳಗ್ಗೆ ಅಜ್ಜಿಯೇ ಹೋಗಿ, “ಏಳವ್ವಾ, ಉಳ ಅಸ್ಕೊಂಡವೆ” ಎಂದು ಎಬ್ಬಿಸುತ್ತಿದ್ದಳು. ಚಿಕ್ಕಮ್ಮ ಎದ್ದು ಸೊಪ್ಪು ಹೆಚ್ಚುತ್ತಿದ್ದಳು, ಆಮೇಲೆ ಊಟಕ್ಕೂ ಕೂರುತ್ತಿದ್ದಳು.

ಆ ಸಲ ಚಂದ್ರಿಕೆಯಿಂದ ಗೂಡು ಬಿಡಿಸಿದವರು ಅಜ್ಜಿ ಮತ್ತು ಚಿಕ್ಕಪ್ಪ ಇಬ್ಬರೇ. ಅರ್ಧಕ್ಕರ್ಧ ಗೂಡು ಹಾಳಾಗಿತ್ತೆಂದು ಚಿಕ್ಕಪ್ಪ ನನಗೆ ಹೇಳಿದ್ದು ಎಂಬತ್ತೇಳರಲ್ಲಿ, ಅಜ್ಜಿಯ ತಿಥಿಯ ದಿನ. ಸೊಸೆಯ ನೆರಳೇ ಕಾರಣವೆಂದು ಸಾಯುವತನಕ ನಂಬಿದ್ದ ಅಜ್ಜಿ, ಆ ಬೆಳೆ ಹೇಗೆ ಬಂತೆಂದು ಚಿಕ್ಕಮ್ಮ ಕೇಳಿದಾಗಲೆಲ್ಲ ಹೇಳುತ್ತಿದ್ದುದು ಒಂದೇ ಮಾತು:

“ನಿನ್ ಕೈ ಬಿದ್ದಿದ್ಕೇ ಕಣೆ, ಆವತ್ತು ಗೂಡು ಅಷ್ಟು ಗಟ್ಟಿಯಾಗಿ ಬಂದಿದ್ದು.”