ಸಾಹೇಬರ ದನಿಯಲ್ಲಿ ಮಾಡಿದ ಫೋನು

ಮೊದಲೇ ಹೇಳಿಬಿಡುತ್ತೇನೆ, ಫೋನ್ ಮಾಡಿದ ಮೂರ್ಖ ನಾನೇ. ಕಳೆದ ವರ್ಷ ಸವದತ್ತಿಯಲ್ಲಿ ನಮಗೆ, ಅಂದರೆ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರಿಗೆ, ತರಬೇತಿ ನಡೆದಿತ್ತು. ಇನ್ನೊಬ್ಬರ ದನಿ ತೆಗೆದು ನಗಿಸುವುದು ನನ್ನ ಹಳೆಯ ಚಟ. ತರಬೇತಿ ಕೊಡುವ ಮೇಡಂ, ಚಹಾ ತರುವ ಕಾಕಾ, ಯಾರನ್ನೂ ಬಿಟ್ಟವನಲ್ಲ. ನಾನು ಇಂಗ್ಲಿಷ್ ಮಾತಾಡಿದರೆ ಬೈಲಹೊಂಗಲದ ಹಳೆಯ ಬಸ್ಸು ಗೇರು ಬದಲಿಸಿದಂತಿರುತ್ತದೆ. ಅದನ್ನೂ ಮಾಡಿ ತೋರಿಸುತ್ತಿದ್ದೆ.

ನನ್ನ ಪಕ್ಕ ಕೂಡುತ್ತಿದ್ದವರು ಮುನವಳ್ಳಿಯ ನದಾಫ್ ಸರ್. ಜೀವನವಿಡೀ ಗಣಿತ ಕಲಿಸಿದವರಿಗೆ ನಿವೃತ್ತಿ ಹತ್ತಿರ ಬಂದಾಗ ಒಂದನೇ ತರಗತಿಯ ಇಂಗ್ಲಿಷ್ ಗಂಟುಬಿದ್ದಿತ್ತು. ಎದ್ದು ಬಂದು ಪಾಠ ಮಾಡಿ ತೋರಿಸಿ ಎಂದು ಮೇಡಂ ಕರೆದಾಗಲೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅರ್ಧ ರೊಟ್ಟಿ ನನಗೇ.

ಒಂದು ಸಂಜೆ ಹೋಟೆಲಿನವನ ಫೋನ್ ಇಸಿದುಕೊಂಡು, ನಮ್ಮ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರ ದನಿಯಲ್ಲಿ ಸರ್‌ಗೆ ಮಾತಾಡಿದೆ. "ನದಾಫ್, ನಾಳೆ ಹನ್ನೊಂದಕ್ಕ ಎಲ್ಲಾರ ಮುಂದ ನಿಮ್ಮದ ಪಾಠ. ಪೂರಾ ಇಂಗ್ಲಿಷ್‌ನ್ಯಾಗ. ನಾನೂ ಬಂದು ಕೂಡತೇನಿ."

ಆ ಕಡೆಯಿಂದ ಸರ್ ಸಣ್ಣಗೆ, "ಆಗ್ಲಿರಿ ಸಾಹೇಬ್ರ" ಎಂದರು. ಆಮೇಲೆ ನಿಜ ಹೇಳಿದರಾಯಿತು ಎಂದುಕೊಂಡವನು ಗಿರಮಿಟ್ ತಿಂದು, ಮನೆಗೆ ಹೋಗಿ ಹಾಯಾಗಿ ಮಲಗಿಬಿಟ್ಟೆ.

ಬೆಳಿಗ್ಗೆ ಪಕ್ಕದ ಕುರ್ಚಿ ಖಾಲಿ. ಮೊದಲು ನಗು ಬಂತು. ಫೋನ್ ಹಚ್ಚಿದರೆ ಸ್ವಿಚ್ ಆಫ್. ಮತ್ತೆ ಹಚ್ಚಿದೆ, ಅದೇ. ಕೊನೆಗೆ ಅವರ ಮನೆಯ ನಂಬರಿಗೆ ಮಾಡಿದೆ. ಹೆಂಡತಿ ಎತ್ತಿದರು.

"ನಸಕಿನ್ಯಾಗ ಗಾಡಿ ತಗೊಂಡು ಹೋದ್ರಿ. ರಾತ್ರಿ ಉಂಡಿಲ್ಲ. ಬಿಪಿ ಗುಳಿಗಿ ಇಲ್ಲೇ ಬಿಟ್ಟಾರ. ಏನ ಕೇಳಿದ್ರೂ ಬಾಯಿ ಬಿಡವಲ್ರು. ನೀವ ಒಂಚೂರು ನೋಡ್ರೀ ತಮ್ಮಾರ. ದಿನಾ ಸಂಜಿಗೆ ನಿಮ್ಮದ ಮಾತ ಹೇಳ್ತಿರತಾರ."

ಮೇಡಂಗೆ ಏನು ಹೇಳಿ ಹೊರಬಿದ್ದೆನೋ ನೆನಪಿಲ್ಲ. ಮುನವಳ್ಳಿ ರಸ್ತೆಯಲ್ಲಿ ಬೈಕ್ ಓಡಿಸುತ್ತಿದ್ದೆ, ಕಣ್ಣು ಮಾತ್ರ ರಸ್ತೆ ಪಕ್ಕದ ತಗ್ಗುಗಳಲ್ಲಿತ್ತು. ಎಲ್ಲಿ ನಾಲ್ಕು ಜನ ಗುಂಪಾಗಿ ನಿಂತಿದ್ದರೂ ಬೈಕ್ ನಿಲ್ಲಿಸಿ ಇಣುಕುತ್ತಿದ್ದೆ.

ನೀರು ಕಾಣುವ ತಿರುವಿನಲ್ಲಿ ಅವರ ನೀಲಿ ಸ್ಕೂಟರ್ ನಿಂತಿತ್ತು. ಮೇಲೆ ಯಾರೂ ಇರಲಿಲ್ಲ. ಇಳಿಜಾರಿನ ಕೆಳಗೆ, ನೀರಿನ ಅಂಚಿನಲ್ಲಿ, ಜೋಡಿಸಿಟ್ಟ ಚಪ್ಪಲಿ. ಅದರ ಮುಂದೆ ಮಲಪ್ರಭೆ ಸುಮ್ಮನೆ ಬಿದ್ದಿತ್ತು. "ಸರ್" ಎಂದು ಕೂಗಲು ಹೋದೆ. ಊರವರೆಲ್ಲರ ದನಿ ತೆಗೆಯುವ ನನಗೆ ನನ್ನ ದನಿಯೇ ಬರಲಿಲ್ಲ. ಇವತ್ತಿಗೂ ನೀರಿನ ಹತ್ತಿರ ಬಿಟ್ಟ ಚಪ್ಪಲಿ ಕಂಡರೆ ಅದರ ಒಡೆಯನನ್ನು ಸುತ್ತಲೂ ಹುಡುಕುತ್ತೇನೆ.

ಆಗ ಜಾಲಿ ಗಿಡದ ಹಿಂದಿನಿಂದ ನಡುಗುವ ದನಿಯೊಂದು ಕೇಳಿಸಿತು. "ಗುಡ್ ಮಾರ್ನಿಂಗ್ ಚಿಲ್ಡ್ರನ್. ಸಿಟ್ ಡೌನ್."

ಓಡಿ ಹೋದೆ. ನದಾಫ್ ಸರ್ ಬರಿಗಾಲಲ್ಲಿ ನಿಂತಿದ್ದರು, ಮುಖ ತೊಳೆದ ನೀರು ಇನ್ನೂ ಗಡ್ಡದಿಂದ ಇಳಿಯುತ್ತಿತ್ತು. ಎದುರಿಗೆ ಮಕ್ಕಳಂತೆ ಸಾಲಾಗಿ ಇಟ್ಟ ಕಲ್ಲುಗಳು. ಕೈಯಲ್ಲಿ ತೆರೆದ ಇಂಗ್ಲಿಷ್ ಪುಸ್ತಕ.

"ಬಂದ್ಯಾ? ಸಾಹೇಬ್ರು ಬಂದಾರೇನು? ಫೋನ್ ಬಂದ್ ಮಾಡಿ ಬೆಳಿಗ್ಗಿಂದ ಹೇಳಾಕತ್ತೇನಿ, ಎರಡನೇ ಸಾಲಿಗೆ ಬಾಯಿ ಕಟ್ಟತೈತಿ. ಎದಿ ಒಂಥರಾ ಬಡಕೊಳ್ಳಾಕತ್ತೇತಿ."

ಅವರನ್ನು ಕೂಡಿಸಿ, ನೀರು ಕುಡಿಸಿದೆ. ನಿಜ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದನ್ನು ತಡೆಯಲಾಗದೆ ಮತ್ತೆ ನಾಲಿಗೆ ಹರಿಬಿಟ್ಟೆ. "ಆದ್ರೂ ಸರ್, ಸಾಹೇಬ್ರಿಗೆ ಇಷ್ಟ್ಯಾಕ ಹೆದರಿದ್ರಿ? ಅವರೇನ ನಿಮ್ಮನ್ನ ತಿಂತಾರೇನ್ರಿ?"

ಸರ್ ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು.

"ಸಾಹೇಬ್ರಿಗೆ ಯಾಂವ ಹೆದರತಾನೋ? ನಾ ತಪ್ಪು ಮಾತಾಡಿದ್ರ ಚಾ ಕುಡಿಯೋ ಹೊತ್ತಿನ್ಯಾಗ ನೀ ಅದನ್ನ ಮಾಡಿ ತೋರಸ್ತಿ. ನಾ ಹೆದರಿದ್ದು ನಿನಗ."