ಬಿಗಿದು ಕಟ್ಟಿದ ಬಾವು

ದೇಹದೊಳಗೆ ರೋಗ ಹೊಕ್ಕಾಗ ಬಿಳಿ ರಕ್ತಕಣಗಳು ಸೈನಿಕರಂತೆ ಯುದ್ಧ ಹೂಡುತ್ತವೆ ಎಂದು ಪುಸ್ತಕಗಳು ಹೇಳುತ್ತವೆ. ನಾನದನ್ನು ಪೂರ್ತಿ ಒಪ್ಪಿಲ್ಲ. ಸೈನಿಕನಿಗೆ ಶತ್ರು ಯಾರೆಂದು ಗೊತ್ತಿರಬೇಕು. ನನ್ನ ಬಲಗೈ ತೋರುಬೆರಳಿನಲ್ಲಿ ಅಂಥ ವಿಚಾರಣೆ ಏನೂ ನಡೆದಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ದಾಂಡೇಲಿಯಲ್ಲಿ ಒಬ್ಬ ಗುತ್ತಿಗೆದಾರನ ಬಿದಿರು ಅಡ್ಡೆಯಲ್ಲಿ ದುಡಿಯುತ್ತಿದ್ದೆ. ಜೋಯಿಡಾ ಕಾಡಿನಿಂದ ಬಂದ ಲಾರಿಗಳನ್ನು ಖಾಲಿ ಮಾಡಿ, ಊರಿನ ಕಾಗದದ ಗಿರಣಿಗೆ ಹೋಗುವ ಬಿದಿರನ್ನು ಒಟ್ಟುವುದು ಕೆಲಸ. ಸಿಬಿರು ಚುಚ್ಚಿಸಿಕೊಳ್ಳದವರು ಅಲ್ಲಿರಲಿಲ್ಲ. ಅದಕ್ಕೊಂದು ರೂಢಿಯ ಮದ್ದಿತ್ತು. ಗಿರಣಿಯ ಯಂತ್ರದಿಂದ ಕಳಚಿದ, ಕಂಬಳಿಯಂಥ ಹಳೆಯ ಉಣ್ಣೆಯ ಫೆಲ್ಟನ್ನು ಊರಿನ ಮನೆಗಳಲ್ಲಿ ಹೊದೆಯಲು ಬಳಸುತ್ತಿದ್ದರು. ಅದರದೇ ಪಟ್ಟಿ ಹರಿದು, ನೆನೆಸಿ, ಗಾಯಕ್ಕೆ ಬಿಗಿಯುವುದು. ಒಣಗಿದಂತೆಲ್ಲ ಅದು ಇನ್ನೂ ಬಿಗಿಯಾಗುತ್ತದೆ. ಬಾವು ಏರಲು ಜಾಗವಿಲ್ಲದಿದ್ದರೆ ರೋಗವೂ ಏರದು ಎಂಬುದು ತರ್ಕ.

ನನ್ನ ಬೆರಳು ಕೆಂಪಾಗಿ, ಬಿಸಿಯಾಗಿ, ಉಬ್ಬಿದಾಗ ಅಡ್ಡೆಯ ಮುಕಾದಮರೇ ಪಟ್ಟಿ ಕಟ್ಟಿದರು. ಮುಂಡಗೋಡ ಕಡೆಯ ಹಿರಿಯರು. ಆಳುಗಳನ್ನು ಇಟ್ಟುಕೊಳ್ಳುವುದು, ಬಿಡುವುದು ಅವರ ಕೈಯಲ್ಲಿತ್ತು. ಮರುದಿನ ಸಂಜೆಗೆ ನೋವು ನಿಂತಿತು.

"ಹೆಂಗೈತಿ?" ಎಂದರು ಮುಕಾದಮರು.

"ಏನೂ ಗೊತ್ತಾಗವಲ್ದ್ರಿ."

"ನೋಡ್ರೋ, ಇಳೀತು! ದವಾಖಾನಿಗೆ ಹೋಗಿದ್ರ ಸೂಜಿ ಚುಚ್ಚಿಸ್ಕೊಂಡು ಕುಂಡಿ ಹಿಡ್ಕೊಂಡು ಬರ್ತಿದ್ದ ಮಗಾ!"

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಊಟಕ್ಕೆ ಕೂತಾಗ ಹೆಂಡತಿ ಬಡಿಸುವುದನ್ನು ನಿಲ್ಲಿಸಿದಳು. "ಉಗುರು ಯಾಕ ಕರ್ರಗ ಆಗೇತ್ರಿ? ಬೆರಳ ಹೋದ್ರ ಅಡ್ಡೆದಾಗ ಯಾರ ಇಟ್ಕೋತಾರ ನಿಮ್ಮನ್ನ?"

ಅವಳ ಭಯ ಕೇಳಿಸಿತು, ತಟ್ಟಲಿಲ್ಲ. ಬೆರಳಿನಂತೆಯೇ ನಾನೂ ಜೋಮು ಹಿಡಿದು ಕೂತಿದ್ದೆ.

ಆದರೆ ಯೋಚನೆ ನಿಂತಿರಲಿಲ್ಲ. ಗಿರಣಿಯಲ್ಲಿ ಅರೆಯಲು ಬಂದ ರದ್ದಿಯಿಂದ ಆಯ್ದ ಪುಸ್ತಕಗಳೇ ನನ್ನ ಶಾಲೆ. ಒಳಹೊಕ್ಕದ್ದು ಸಿಬಿರೋ, ಮಣ್ಣೋ, ಕ್ರಿಮಿಯೋ, ದೇಹ ಮೊದಲಿಗೆ ಮಾಡುವುದು ಒಂದನ್ನೇ. ಅಲ್ಲಿಯ ರಕ್ತನಾಳಗಳು ಅಗಲವಾಗಿ ರಕ್ತ ನುಗ್ಗುತ್ತದೆ. ಅದಕ್ಕೇ ಕೆಂಪು, ಅದಕ್ಕೇ ಬಿಸಿ. ನಾಳದ ಗೋಡೆಯಿಂದ ನೀರು ಒಸರಿ ಬಾವಾಗುತ್ತದೆ. ಬಿಳಿ ಕಣಗಳೂ ಅದೇ ಗೋಡೆಯಲ್ಲಿ ನುಸುಳಿ ಬಂದು, ಸಿಕ್ಕ ಕ್ರಿಮಿಯನ್ನು ನುಂಗಿ ಸಾಯುತ್ತವೆ. ಕೀವೆಂದರೆ ಬಹುಪಾಲು ಅವುಗಳ ಹೆಣ. ಹಾಗಿದ್ದರೆ ಬಾವೇ ರೋಗವಲ್ಲ, ಕೆಲಸಕ್ಕೆ ಬಂದ ಆಳುಗಳ ನೂಕುನುಗ್ಗಲು. ನಾವು ಕಟ್ಟಿಹಾಕಿದ್ದು ಅವರು ಬರುವ ದಾರಿಯನ್ನು.

"ಬ್ಲೇಡು ತಾ" ಎಂದೆ.

ಪಟ್ಟಿ ಕತ್ತರಿಸಿದೊಡನೆ ಕೈಯೆಲ್ಲ ಉರಿಯತೊಡಗಿತು. ತುದಿಯೊಂದು ಮಾತ್ರ ತಣ್ಣಗೇ ಉಳಿಯಿತು. ಬೆಳಗಿನ ಹೊತ್ತಿಗೆ ಜ್ವರ. ಅದೂ ದೇಹ ತಾನಾಗಿ ಹೊತ್ತಿಸಿಕೊಂಡ ಬೆಂಕಿ ಎಂದು ವಿವರಿಸಲು ಹೋದೆ. ಹೆಂಡತಿ ಹಣೆ ಮುಟ್ಟಿದಳು. "ಪುರಾಣ ಆಮ್ಯಾಗ ಹೇಳ್ರಂತ. ಏಳ್ರಿ, ದವಾಖಾನಿಗೆ ಹೋಗೂಣು."

ಡಾಕ್ಟರು ಕೀವಿನೊಂದಿಗೆ ಸಿಬಿರು ತೆಗೆದರು, ಇಂಜೆಕ್ಷನ್ ಕೊಟ್ಟರು. ಸತ್ತ ತುದಿಯನ್ನು ಮೊದಲ ಗೆಣ್ಣಿನವರೆಗೆ ಕತ್ತರಿಸಬೇಕಾಯಿತು. ಉಳಿದದ್ದು ಉಳಿಯಿತು.

ಗಾಯ ಮಾಗಿದ ಮೇಲೆ ಅಡ್ಡೆಗೆ ಹೋದೆ. ಮುಕಾದಮರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು.

"ಬಿಚ್ಚದಿದ್ರ ಪೂರಾ ಬೆರಳು ಇರ್ತಿತ್ತು."

"ಕಟ್ಟದಿದ್ರ ಇರ್ತಿತ್ರಿ."

"ಓಹೋ, ರದ್ದಿ ಡಾಕ್ಟರು!"

ಈ ಸಲ ಯಾರೂ ನಗಲಿಲ್ಲ. ಲಾರಿ ಬಂದು ನಿಂತಿತ್ತು. ನಾನು ಸಾಲಿಗೆ ಸೇರಿ ಮೊದಲ ಬಿದಿರನ್ನು ಹಿಡಿದೆ. ಹಿಡಿತ ಜಾರಿತು, ಇನ್ನೊಮ್ಮೆ ಹಿಡಿದು ಎತ್ತಿದೆ. ಮುಕಾದಮರು ನೋಡುತ್ತ ನಿಂತಿದ್ದರು. ಸಾಲಿನಿಂದ ತೆಗೆಯಲಿಲ್ಲ.